ಊರಿನ ಕಥೆ ಊರವರೇ ಬರೆಯಬೇಕು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಊರ ಚರಿತ್ರೆ ಸಮಿತಿಯ ಪರವಾಗಿ ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿತು. ಸ್ಮರಣ ಸಂಚಿಕೆ ತರಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿದಾಗ, ಅದರಲ್ಲಿ ‘ಸಂಘ ನಡೆದು ಬಂದ ದಾರಿ’ ಎಂಬ ಎರಡು ಪುಟದ ಲೇಖನ ಬರೆಯುವ ಕೆಲಸ ನಮ್ಮ ಏಳು ಮಂದಿಯ ಪಾಲಿಗೆ ಬಂತು. ಸುಲಭದ ಕೆಲಸ ಎಂದುಕೊಂಡೆವು. ಬೀರು ತೆಗೆದು ಮೊದಲ ವರ್ಷದ ನಡವಳಿ ಪುಸ್ತಕ ಹುಡುಕಿದರೆ, ಮೊದಲ ಹನ್ನೊಂದು ಹಾಳೆಗಳನ್ನು ಗೆದ್ದಲು ತಿಂದಿತ್ತು. ಸರಿ, ಬಾಯಿಮಾತಿನಲ್ಲಿ ಕೇಳೋಣವೆಂದು ಹೊರಟು, ‘ಮೊದಲನೇ ದಿನ ಮೊದಲು ಹಾಲು ಹಾಕಿದವರು ಯಾರು?’ ಎಂದು ಕೇಳಿದೆವು. ನಾಲ್ಕು ಮನೆಯವರು ‘ನಮ್ಮವ್ವನೇ’ ಅಂದರು! ನಾಲ್ವರೂ ಅವ್ವಂದಿರು ಈಗ ಇಲ್ಲ.

ಅಂದು ನಮಗೆ ಸ್ವಲ್ಪ ನಾಚಿಕೆ ಆಯಿತು. ಬರೀ ಇಪ್ಪತ್ತೈದು ವರ್ಷದ ಹಿಂದಿನ ಮಾತು ನಮಗೆ ಗೊತ್ತಿಲ್ಲ. ಹಂಗಾದರೆ ಊರಿನ ನೂರು ವರ್ಷದ, ಐನೂರು ವರ್ಷದ ಮಾತು ಏನಾಗಿರಬೇಕು? ಎರಡು ಪುಟದ ಲೇಖನ ಹೋಗಿ ಊರ ಚರಿತ್ರೆಯ ಕೆಲಸವಾದದ್ದು ಹೀಗೆ. ಆ ಕೆಲಸದಲ್ಲಿ ನಾವು ಕಂಡದ್ದು, ಕಲಿತದ್ದು, ತಪ್ಪಿದ್ದು, ಮೂರನ್ನೂ ತಮ್ಮ ಮುಂದೆ ಇಡುತ್ತೇವೆ.

ಬಂಧುಗಳೇ, ನಾವಿರುವ ಸೀಮೆ ಸಾಮಾನ್ಯದ್ದಲ್ಲ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ದೇಶ ವಿದೇಶದವರು ಬಂದು ಇಲ್ಲಿಯ ಕಲ್ಲು ಕಲ್ಲನ್ನೂ ಅಳೆದು, ಎಣಿಸಿ, ನಕ್ಷೆ ಮಾಡಿದ್ದಾರೆ. ಆದರೆ ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಾಗೆ, ಚರಿತ್ರೆ ಅಂದರೆ ಹಂಪಿಯಲ್ಲಿ ಇರೋದು, ನಮ್ಮ ಊರಲ್ಲಿ ಏನೈತಿ ಎಂದೇ ನಾವೆಲ್ಲ ತಿಳಿದಿದ್ದೆವು. ಗೈಡು ಹೇಳುವ ಕೃಷ್ಣದೇವರಾಯನ ಕಥೆ ನಮ್ಮ ಮಕ್ಕಳಿಗೆ ಬಾಯಿಪಾಠ. ತಮ್ಮ ಗದ್ದೆಗೆ ನೀರು ತರುವ ಕಾಲುವೆಗೆ ಆ ಹೆಸರು ಏಕೆ ಬಂತೆಂದು ಮಾತ್ರ ಗೊತ್ತಿಲ್ಲ.

ಕಾಲುವೆಯಿಂದಲೇ ಶುರು ಮಾಡುತ್ತೇವೆ. ರಾಯ ಕಾಲುವೆ, ಬಸವಣ್ಣ ಕಾಲುವೆ, ಬೆಲ್ಲ ಕಾಲುವೆ, ತುರ್ತು ಕಾಲುವೆ, ಕಾಳಘಟ್ಟ, ರಾಮಸಾಗರ, ಕಂಪ್ಲಿ, ಇವೆಲ್ಲ ವಿಜಯನಗರದ ಕಾಲದಿಂದ ಬಂದ ನೀರಿನ ದಾರಿಗಳು. ಅರಮನೆಗಳು ಬಿದ್ದವು, ಬಜಾರುಗಳು ಹಾಳಾದವು. 1565ರ ಯುದ್ಧವಾದ ಮೇಲೂ ನಿಲ್ಲದೆ ಹರಿದದ್ದು ಈ ನೀರು. ಮಾಗಾಣಿ ಗದ್ದೆಯಲ್ಲಿ ಭತ್ತ, ಕಬ್ಬು, ಬಾಳೆ ಬೆಳೆಯುವ ನಾವೇ ಆ ಚರಿತ್ರೆಯ ಮುಂದಿನ ಸಾಲು. ತುಂಗಭದ್ರಾ ಜಲಾಶಯವಾದ ಮೇಲೆ ರಾಯ ಮತ್ತು ಬಸವಣ್ಣ ಕಾಲುವೆಗಳಿಗೆ ನೀರು ನೇರವಾಗಿ ಜಲಾಶಯದಿಂದಲೇ ಬರುತ್ತದೆ. ಹಳೆಯ ಕಾಲುವೆ, ಹೊಸ ತೂಬು.

ಹೊಸಪೇಟೆಯಿಂದ ಸಂಡೂರಿಗೆ ಹೋಗುವಾಗ ಹಳೆಯ ಕೆರೆಯ ದೊಡ್ಡ ಏರಿ ನೋಡಿದ್ದೀರಿ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸರ ಪಯಸ್ ಎಂಬಾತ ಆ ಕೆರೆಯ ಕೆಲಸ ಕಣ್ಣಾರೆ ಕಂಡು ಬರೆದಿಟ್ಟ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡುತ್ತಿದ್ದರಂತೆ. ಅವನ ನಂತರ ಬಂದ ನೂನಿಜನೂ ಆ ಕೆರೆಯ ಬಗ್ಗೆ ಬರೆದ. ಇವೆರಡನ್ನೂ 1900ರಲ್ಲಿ ರಾಬರ್ಟ್ ಸೂಯೆಲ್ ಎಂಬ ಅಧಿಕಾರಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಮೇಲೆ ಲೋಕಕ್ಕೆ ತಿಳಿಯಿತು. ವಿಚಾರ ಮಾಡಿರಿ: ಆ ಇಪ್ಪತ್ತು ಸಾವಿರ ಮಂದಿಯಲ್ಲಿ ನಮ್ಮ ಹಿರಿಯರೂ ಇದ್ದಿರಬೇಕು. ಬರೆದವನು ಮಾತ್ರ ಸಮುದ್ರ ದಾಟಿ ಬಂದವನು. ಬರೆದ ಕಾರಣ ಅವನ ಹೆಸರು ಉಳಿಯಿತು. ಮಣ್ಣು ಹೊತ್ತವರು ಅವನ ಬರಹದಲ್ಲಿ ಇರುವೆಗಳಾಗಿ ಉಳಿದರು.

ಊರಿನ ಕಥೆ ಬರೆಸುವ ಕೆಲಸ ಹಿಂದೆ ಯಾರೂ ಮಾಡಿಲ್ಲವೆಂದೇನಲ್ಲ. 1800ರಲ್ಲಿ ಬಳ್ಳಾರಿ ಸೀಮೆ ನಿಜಾಮರಿಂದ ಕುಂಪಣಿ ಸರಕಾರದ ಕೈಸೇರಿತು. ಅದೇ ಹೊತ್ತಿನಲ್ಲಿ ಕರ್ನಲ್ ಮೆಕೆಂಜಿ ಹಂಪಿಗೆ ಬಂದು ನಕ್ಷೆ ಬರೆಸಿದ. ಕಾವಲಿ ವೆಂಕಟ ಬೋರಯ್ಯ ಮೊದಲಾದ ನಮ್ಮ ದೇಶದ ಪಂಡಿತರು ಅವನ ಪರವಾಗಿ ಊರೂರು ತಿರುಗಿ, ಶಾನುಭೋಗರನ್ನೂ ಹಿರಿಯರನ್ನೂ ಕೂಡಿಸಿ, ಊರು ಹುಟ್ಟಿದ್ದು ಹೇಗೆ, ಗುಡಿ ಕಟ್ಟಿಸಿದವರು ಯಾರು, ಕೆರೆ ಒಡೆದದ್ದು ಯಾವಾಗ ಎಂದೆಲ್ಲ ಕೇಳಿ ಬರೆಸಿದರು. ಅವೇ ಕೈಫಿಯತ್ತುಗಳು. ಕರ್ನಾಟಕಕ್ಕೆ ಸೇರಿದ ಕೈಫಿಯತ್ತುಗಳನ್ನು ಡಾ. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದರು, ನಮ್ಮ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. 1953ರ ಅಕ್ಟೋಬರ್ 1ರವರೆಗೆ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿದ್ದರಿಂದ, ಮೈಸೂರು ಸೀಮೆಯ ಶಾಸನಗಳನ್ನು ಅಚ್ಚು ಹಾಕಿಸಿದ ರೈಸ್ ಸಾಹೇಬರ ಸಂಪುಟಗಳಲ್ಲಿ ನಾವಿಲ್ಲ. ನಮ್ಮ ಶಾಸನಗಳು ‘ದಕ್ಷಿಣ ಭಾರತದ ಶಾಸನಗಳು’ ಎಂಬ ಮಾಲೆಯ ಒಂಬತ್ತನೇ ಸಂಪುಟದಲ್ಲಿವೆ. ಇದನ್ನು ತಿಳಿಯದೆ ನಾವು ಎರಡು ತಿಂಗಳು ತಪ್ಪು ಪುಸ್ತಕದಲ್ಲಿ ನಮ್ಮೂರ ಹೆಸರು ಹುಡುಕಿದೆವು! ಮುಂದೆ ಈ ಕೆಲಸಕ್ಕೆ ಕೈಹಾಕುವ ಅಕ್ಕಪಕ್ಕದ ಊರಿನವರಿಗೆ ಉಪಯೋಗವಾಗಲೆಂದು ಹೇಳಿದೆವು. ಈಚೆಗೆ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಗ್ರಾಮ ಚರಿತ್ರೆ ಕೋಶದ ಯೋಜನೆ ಹಾಕಿಕೊಂಡು ಊರೂರಿನ ಸಂಗತಿ ಕಲೆಹಾಕಿಸಿದೆ.

ಹಂಗಾದರೆ ನಾವು ಯಾಕೆ ಬರೆಯಬೇಕು ಎಂದು ಒಬ್ಬರು ಹಿರಿಯರು ಕೇಳಿದರು. ಉತ್ತರ ಇಷ್ಟೇ. ಹೊರಗಿನಿಂದ ಬಂದವರು ಒಂದು ದಿನ ಬರುತ್ತಾರೆ, ಊರಿನ ದೊಡ್ಡವರನ್ನು ಕಾಣುತ್ತಾರೆ, ಅವರು ಹೇಳಿದ್ದನ್ನು ಬರೆದುಕೊಂಡು ಹೋಗುತ್ತಾರೆ. ಉಳಿದವರ ಬಾಗಿಲಿಗೆ ಹೋಗುವ ಪುರುಸೊತ್ತು ಅವರಿಗಿಲ್ಲ. ನಮಗಿದೆ.

ಇಲ್ಲಿ ನಮ್ಮ ತಪ್ಪನ್ನೇ ಮೊದಲು ಒಪ್ಪಿಕೊಳ್ಳುತ್ತೇವೆ. ಆರು ತಿಂಗಳು ಓಡಾಡಿ ನಲವತ್ತು ಪುಟ ಬರೆದು, ಗುಡಿ ಕಟ್ಟೆಯ ಮೇಲೆ ಊರವರನ್ನು ಕೂಡಿಸಿ ಓದಿದೆವು. ಗೌಡರ ಮನೆತನ, ಶಾನುಭೋಗರ ಮನೆತನ, ಗುಡಿ, ಜಾತ್ರೆ, ರಥ ಎಲ್ಲ ಬಂತು. ಚಪ್ಪಾಳೆಯೂ ಬಂತು. ಆಗ ಕಟ್ಟೆಯ ಕೆಳಗೆ, ದೂರದಲ್ಲಿ ನಿಂತಿದ್ದ ಕೇರಿಯ ಅಜ್ಜಿಯೊಬ್ಬರು ಕೇಳಿದರು: ‘ಯಪ್ಪಾ, ಇಷ್ಟೊತ್ತು ಓದಿದ್ರಿ, ಚೊಲೋ ಐತಿ. ಇದ್ರಾಗ ನಮ್ಮ ಕೇರಿ ಎಲ್ಲೈತಿ? ಕಾಲುವಿ ಹೂಳು ತೆಗೆದೋರು ಯಾರು? ನೀರು ತಾನಾಗೇ ಬಂತೇನು?’

ನಮ್ಮಲ್ಲಿ ಒಬ್ಬರಿಗೂ ಉತ್ತರ ಬರಲಿಲ್ಲ. ನಲವತ್ತು ಪುಟದಲ್ಲಿ ಕೇರಿಯ ಬಗ್ಗೆ ಇದ್ದದ್ದು ಒಂದೇ ಸಾಲು, ಅದೂ ಮನೆಗಳ ಸಂಖ್ಯೆ. ಓದಲು ನಾವು ಆರಿಸಿದ ಜಾಗವೂ ಅವರು ಹತ್ತಿ ಕೂರದ ಕಟ್ಟೆ. ಪಯಸನು ಇರುವೆ ಎಂದು ಬರೆದನೆಂದು ನಾವು ಬೇಸರಪಟ್ಟವರು. ನಾವಾದರೂ ಮಾಡಿದ್ದೇನು?

ಮರುದಿನವೇ ಸಮಿತಿಗೆ ಕೇರಿಯ ಇಬ್ಬರನ್ನು, ತಾಂಡಾದ ಒಬ್ಬರನ್ನು, ನಾಲ್ವರು ಹೆಣ್ಣುಮಕ್ಕಳನ್ನು ಸೇರಿಸಿಕೊಂಡೆವು. ಮುಂದಿನ ಓದು ಡೇರಿಯ ಅಂಗಳದಲ್ಲೇ ಎಂದು ಠರಾವು ಮಾಡಿದೆವು. ಡೇರಿಯಲ್ಲಿ ಒಂದೇ ಸಾಲು. ಯಾರು ಮೊದಲು ಬಂದರೋ ಅವರ ಹಾಲು ಮೊದಲು. ಅಳತೆ ಮಾಡುವ ಯಂತ್ರ ಹಾಲಿನ ಫ್ಯಾಟು ನೋಡುತ್ತದೆ, ಜಾತಿ ನೋಡುವುದಿಲ್ಲ. ಈ ಊರಿನಲ್ಲಿ ಎಲ್ಲರೂ ಸಮನಾಗಿ ನಿಲ್ಲುವ ಜಾಗ ಅದು. ಸಂಘ ಇಪ್ಪತ್ತೈದು ವರ್ಷದಲ್ಲಿ ಗಳಿಸಿದ ಆಸ್ತಿಯಲ್ಲಿ ಇದನ್ನೂ ಬರೆದುಕೊಳ್ಳಬೇಕು.

ಆ ಅಜ್ಜಿ ನಾಲ್ಕು ಸಂಜೆ ಮಾತಾಡಿದರು. ಬೇಸಿಗೆಯಲ್ಲಿ ಕಾಲುವೆ ಬತ್ತಿದಾಗ ಸೊಂಟದ ಮಟ್ಟ ಹೂಳಿನಲ್ಲಿ ಇಳಿದದ್ದು, ಕೂಲಿ ಅಂತ ಕಾಳು ಸಿಗುತ್ತಿದ್ದದ್ದು, ನೀರು ಬಿಡುವ ದಿನ ನೀರಗಂಟಿ ಕೂಗಿ ಹೇಳುತ್ತಿದ್ದದ್ದು, ಕಾಲುವೆಗೆ ಪೂಜೆಯಾದರೂ ಹೂಳು ತೆಗೆದವರು ಹಿಂದೆ ನಿಲ್ಲಬೇಕಾದದ್ದು. ಯಾವ ಕೈಫಿಯತ್ತಿನಲ್ಲೂ ಇಲ್ಲದ ಸಂಗತಿಗಳು ಇವು. ನಮ್ಮ ಪುಸ್ತಕದ ಮೊದಲನೇ ಅಧ್ಯಾಯ ಈಗ ಅದೇ. ಕೆಲವರಿಗೆ ಇದು ಸರಿಬರಲಿಲ್ಲ, ‘ಊರ ಮರ್ಯಾದೆ ಕಳೀತೀರಿ’ ಅಂದರು. ಇದ್ದದ್ದನ್ನು ಮುಚ್ಚಿದರೆ ಮರ್ಯಾದೆ ಉಳಿಯುವುದಿಲ್ಲ ಎಂದು ನಾವು ವಿನಯದಿಂದಲೇ ಹೇಳಿದೆವು. ಇವತ್ತೂ ಅದನ್ನೇ ಹೇಳುತ್ತೇವೆ.

ಇನ್ನು ಜಲಾಶಯದ ಮಾತು. 1945ರಲ್ಲಿ ಅಡಿಗಲ್ಲು, 1953ರಲ್ಲಿ ಕಾಲುವೆಗೆ ನೀರು. ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಗೆ ಅನ್ನ ಕೊಟ್ಟ ಅಣೆಕಟ್ಟು. ಆದರೆ ನೀರಿನ ಕೆಳಗೆ ಸುಮಾರು 90 ಹಳ್ಳಿಗಳು ಹೋದವು, ಐವತ್ತು ಸಾವಿರಕ್ಕೂ ಮೀರಿ ಜನ ಎದ್ದು ಬಂದರು. ನಾರಾಯಣದೇವರಕೆರೆಯವರು ಬಂದು ನೆಲೆಸಿ ಮರಿಯಮ್ಮನಹಳ್ಳಿ ಬೆಳೆಯಿತು. ಮುಂದೆ ಅದೇ ಊರು ರಂಗಭೂಮಿಯ ಕಲಾವಿದರಿಗೆ, ಜೋಗತಿ ಕಲೆಗೆ ಹೆಸರಾಯಿತು. ನಮ್ಮ ಊರಿಗೂ ಮುಳುಗಡೆ ಹಳ್ಳಿಯಿಂದ ಕೆಲವು ಮನೆಯವರು ಬಂದರು. ಎಪ್ಪತ್ತು ವರ್ಷ ಕಳೆದರೂ ಅವರ ಓಣಿಗೆ ನಾವು ‘ಹೊಸಬರ ಓಣಿ’ ಅಂತಲೇ ಕರೆಯುತ್ತೇವೆ!

ಆ ಓಣಿಯ ಹಿರಿಯರೊಬ್ಬರು ಊರು ಬಿಟ್ಟಾಗ ಎಂಟು ವರ್ಷದ ಹುಡುಗ. ಚಕ್ಕಡಿಯಲ್ಲಿ ಕಾಳಿನ ಚೀಲದ ನಡುವೆ ಗ್ರಾಮದೇವತೆಯ ಕಲ್ಲನ್ನು ತೊಡೆಯ ಮೇಲೆ ಹಿಡಿದುಕೊಂಡು ಬಂದವರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ತಮ್ಮ ಊರಿನ ಜಾಗ ನೋಡಿಕೊಂಡು ಬರುವುದು ಅವರ ರೂಢಿ. ನಾವು ಕೇಳಲು ಹೋದಾಗ ‘ಹೇಳಾಕ ಬರೂದಿಲ್ರಪ್ಪಾ, ಬರದು ತೋರಿಸ್ತೀನಿ’ ಎಂದು ಶಾಲಾ ಮಕ್ಕಳ ಕೈಯಿಂದ ಸೀಮೆಸುಣ್ಣ ಇಸಿದುಕೊಂಡು, ಡೇರಿಯ ಸಿಮೆಂಟು ನೆಲದ ಮೇಲೆ ಇಡೀ ಊರನ್ನೇ ಬರೆದರು. ಇದು ಅಗಸಿ, ಇದು ಬಾವಿ, ಇದು ನಮ್ಮ ಸೋದರಮಾವನ ಮನೆ, ಇದು ಕಮ್ಮಾರರ ಕುಲುಮೆ, ಇಲ್ಲಿ ಹುಣಸೆ ಮರ. ಮೂವತ್ತಾರು ಮನೆ, ಮನೆಯವರ ಹೆಸರು ಸಮೇತ. ಮಕ್ಕಳು ಅದನ್ನು ಡ್ರಾಯಿಂಗ್ ಹಾಳೆಗೆ ಇಳಿಸಿಕೊಂಡರು. ಸಂಜೆ ಹಾಲಿನ ಹೊತ್ತಿಗೆ ನೆಲ ತೊಳೆಯಬೇಕಾಯಿತು. ತೊಳೆಯುವಾಗ ಅವರು ಅಲ್ಲೇ ನಿಂತು ನೋಡಿ, ‘ಇನ್ನೊಮ್ಮೆ ಮುಳುಗಿತು ನೋಡ್ರಿ’ ಎಂದು ನಕ್ಕರು. ಎರಡು ತಿಂಗಳಿಗೆ ತೀರಿಕೊಂಡರು. ಆ ಹಾಳೆಗೆ ಈಗ ಕಟ್ಟು ಹಾಕಿಸಿ ಸಂಘದ ಕಚೇರಿಯಲ್ಲಿ ತೂಗು ಹಾಕಿದ್ದೇವೆ. ಹೋಗುವಾಗ ದಯಮಾಡಿ ಎಲ್ಲರೂ ನೋಡಬೇಕು.

ಎರಡು ತಿಂಗಳು ತಡವಾಗಿದ್ದರೆ ಆ ಊರು ನಿಜವಾಗಿ ಹೋಗಿಬಿಡುತ್ತಿತ್ತು. ಈ ಮಾತನ್ನು ನಾವು ಒತ್ತಿ ಹೇಳುತ್ತೇವೆ.

ತಡವಾದದ್ದೂ ಉಂಟು. ನಮ್ಮ ತೂಬಿನ ಬಳಿ ಅಕ್ಷರ ಇದ್ದ ಒಂದು ಕಲ್ಲಿತ್ತು. ಬಟ್ಟೆ ಒಗೆಯಲು ಅನುಕೂಲ ಎಂದು ಎಲ್ಲರೂ ಬಲ್ಲರು. ಕೆಲವು ವರ್ಷದ ಹಿಂದೆ ಚರಂಡಿ ಕೆಲಸ ನಡೆದಾಗ ಅದನ್ನು ಒಡೆದು ಅಡಿಪಾಯಕ್ಕೆ ತುಂಬಿದರು. ಕೆಲಸ ಮಾಡಿಸಿದವರನ್ನು ದೂರಿ ಫಲವಿಲ್ಲ. ಸುತ್ತ ನಿಂತು ನೋಡಿದವರು ನಾವೇ. ಈಗ ಉಳಿದಿರುವುದು ಮೇಲಿನ ತುಂಡು: ಸೂರ್ಯ, ಚಂದ್ರ, ಮೂರು ಸಾಲು ಸವೆದ ಅಕ್ಷರ. ಸೂರ್ಯ ಚಂದ್ರರಿರುವ ತನಕ ಈ ದಾನ ನಡೆಯಲಿ ಎಂಬುದು ಆ ಚಿತ್ರದ ಅರ್ಥ. ಯಾರು ಯಾರಿಗೆ ಏನು ಕೊಟ್ಟರೆಂಬುದು ಚರಂಡಿಯ ಕೆಳಗಿದೆ. ವಿರೂಪಾಕ್ಷ ಗುಡಿಯ ಕಲ್ಲು ಉಳಿದದ್ದಕ್ಕೆ ಕೃಷ್ಣದೇವರಾಯ ಪಟ್ಟವೇರಿದಾಗ ಸಿಂಗನಾಯಕನಹಳ್ಳಿಯನ್ನು ದೇವರಿಗೆ ಬಿಟ್ಟದ್ದು ಐನೂರು ವರ್ಷದ ಮೇಲೂ ನಮಗೆ ಗೊತ್ತಾಗುತ್ತದೆ. ನಮ್ಮ ಕಲ್ಲು ಹೇಳಬೇಕೆಂದಿದ್ದು ಇನ್ನು ಗೊತ್ತಾಗುವುದಿಲ್ಲ. ಉಳಿದ ತುಂಡನ್ನು ಶಾಲೆಯ ಅಂಗಳದಲ್ಲಿ ನಿಲ್ಲಿಸಿದ್ದೇವೆ.

ಕಲ್ಲಿಗಿಂತ ಗಟ್ಟಿಯಾದದ್ದು ಬಾಯಿ ಎಂದೂ ಈ ಕೆಲಸದಲ್ಲಿ ಕಂಡೆವು. 1327ರಲ್ಲಿ ದಿಲ್ಲಿಯ ಸೈನ್ಯ ಬಂದು ಕಂಪಿಲ ರಾಯನ ರಾಜ್ಯ ಮುರಿಯಿತು. ಆದರೆ ಅವನ ಮಗ ಕುಮಾರರಾಮನ ಕಥೆಯನ್ನು ನಮ್ಮ ಕಂಪ್ಲಿ, ಸಂಡೂರು ಸೀಮೆಯ ಜನ ಇಂದಿಗೂ ಹೇಳುತ್ತಾರೆ. ಸಂಡೂರು ತಾಲೂಕಿನ ದರೋಜಿಯ ಈರಮ್ಮ ಓದು ಬರಹ ಬಾರದವರು, ಬುಡ್ಗ ಜಂಗಮರ ಮನೆಯಲ್ಲಿ ಹುಟ್ಟಿದವರು. ಬುರ್ರಕಥೆಯ ಹತ್ತಾರು ಕಾವ್ಯಗಳು ಅವರ ನಾಲಿಗೆಯ ಮೇಲಿದ್ದವು. ಕನ್ನಡ ವಿಶ್ವವಿದ್ಯಾಲಯ ಅವರ ಹಾಡಿಕೆಯನ್ನು ಬರೆಸಿಕೊಂಡು ಪುಸ್ತಕ ಮಾಡಿತು, ನಾಡೋಜ ಎಂದು ಗೌರವಿಸಿತು. 2014ರಲ್ಲಿ ಅವರು ತೀರಿಕೊಂಡರು. ಬರೆಸಿಕೊಳ್ಳದಿದ್ದರೆ ಅಷ್ಟೂ ಅವರ ಜೊತೆಗೇ ಮಣ್ಣಾಗುತ್ತಿತ್ತು. ಅಂಥವರು ಪ್ರತಿ ಊರಲ್ಲೂ ಒಬ್ಬಿಬ್ಬರು ಇದ್ದಾರೆ. ಅವರ ಮುಂದೆ ಕುಳಿತು ಕೇಳುವವರು ಕಡಿಮೆಯಾಗಿದ್ದಾರೆ.

ಸೂಜಿಯಲ್ಲಿ ಬರೆದ ಚರಿತ್ರೆಯೂ ಉಂಟು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1755 ವಸ್ತುಗಳನ್ನು ಒಂದೆಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ನಮ್ಮ ತಾಂಡಾದ ತಾಯಂದಿರು ಒಂದೊಂದು ಹೊಲಿಗೆಯ ಹೆಸರು ಹೇಳಿದ್ದಾರೆ, ನಮ್ಮ ಹೆಣ್ಣುಮಕ್ಕಳು ಬರೆದುಕೊಂಡಿದ್ದಾರೆ. ಅದೂ ಒಂದು ಅಧ್ಯಾಯ.

ಇನ್ನೊಂದು ಕಹಿ ಮಾತು. 2011ರ ಜುಲೈನಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ವಾಸವಿದ್ದವರ ಮನೆ, ಅಂಗಡಿಗಳನ್ನು ತೆರವು ಮಾಡಲಾಯಿತು. ಸ್ಮಾರಕ ಉಳಿಯಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಂದು ಜಾಗದಲ್ಲಿ ಜನ ಹೇಗೆ ಬದುಕಿದರೆಂಬುದೂ ಆ ಜಾಗದ ಚರಿತ್ರೆಯೇ. ಕಲ್ಲಿಗೆ ದಾಖಲೆ ಇದ್ದು ಮನುಷ್ಯನಿಗೆ ದಾಖಲೆ ಇಲ್ಲದಿದ್ದರೆ, ಮಾತು ಬಂದ ದಿನ ಮನುಷ್ಯನೇ ಸೋಲುತ್ತಾನೆ. ಮುಳುಗಡೆಯವರು ಪರಿಹಾರಕ್ಕೆ ಅಲೆದಾಗ ಕೆಲಸಕ್ಕೆ ಬಂದದ್ದು ಕಾಗದ ಇದ್ದವರಿಗೆ ಮಾತ್ರ ಎಂದು ಹೊಸಬರ ಓಣಿಯವರು ಹೇಳುತ್ತಾರೆ. ಊರ ಚರಿತ್ರೆ ಬರೀ ಹೆಮ್ಮೆಗಲ್ಲ, ಹಕ್ಕಿಗೂ ಬೇಕು.

ನಾವು ಅನುಸರಿಸಿದ ಕ್ರಮವನ್ನು ಚುಟುಕಾಗಿ ಹೇಳುತ್ತೇವೆ. ಒಬ್ಬರ ಬಳಿಗೆ ಇಬ್ಬರು ಹೋಗುವುದು, ಒಬ್ಬರು ಕೇಳಲು, ಒಬ್ಬರು ಬರೆಯಲು. ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿ ಹಿಡಿಯುವುದು. ಅವರಾಡಿದ ಮಾತನ್ನು ನಮ್ಮ ಪುಸ್ತಕದ ಭಾಷೆಗೆ ತಿದ್ದದೆ ಹಂಗಂಗೇ ಬರೆಯುವುದು. ಬರೆದದ್ದನ್ನು ಅವರಿಗೇ ಓದಿ ಹೇಳಿ, ‘ಇದು ಬ್ಯಾಡ ತಗೀರಿ’ ಅಂದರೆ ತೆಗೆಯುವುದು. ನಮ್ಮ ಊರಿಗೆ ಹೆಸರು ಬಂದ ಬಗ್ಗೆ ಮೂರು ಕಥೆ ಸಿಕ್ಕವು. ಯಾವುದು ನಿಜವೆಂದು ಜಗಳಾಡದೆ ಮೂರನ್ನೂ, ಹೇಳಿದವರ ಓಣಿಯ ಸಮೇತ, ಬರೆದಿದ್ದೇವೆ. ಹಳೇ ಕಾಗದಗಳನ್ನು ಮನೆಯಿಂದ ತರಿಸಿಕೊಳ್ಳಲಿಲ್ಲ, ಅಲ್ಲೇ ಫೋಟೋ ತೆಗೆದು ಅಲ್ಲೇ ಬಿಟ್ಟು ಬಂದೆವು.

ನಮ್ಮ ಸಂಘದ ಲೆಕ್ಕದ ಪುಸ್ತಕವೂ ಚರಿತ್ರೆಯೇ ಎಂದು ಕೊನೆಗೆ ಅರಿವಾಯಿತು. 2015, 2016ರ ಬರದಲ್ಲಿ ಮೇವಿಲ್ಲದೆ ಹಾಲು ಇಳಿದದ್ದು, 2020ರ ಕೊರೊನಾ ಕಾಲದಲ್ಲೂ ಡೇರಿ ನಿಲ್ಲದೆ ನಡೆದದ್ದು, 2022ರಲ್ಲಿ ಚರ್ಮಗಂಟು ರೋಗ ಬಂದು ದನ ಕಳೆದುಕೊಂಡವರ ಖಾತೆ ಖಾಲಿಯಾದದ್ದು, ಎಲ್ಲ ಆ ಅಂಕಿಗಳಲ್ಲಿದೆ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ನಾಡಿನ ಮೊದಲ ಸಹಕಾರ ಸಂಘ ಕಟ್ಟಿದರೆಂದು ನಾವು ಇಂದು ಅಭಿಮಾನದಿಂದ ಹೇಳುವುದು, ಯಾರೋ ಬರೆದು ಇಟ್ಟಿದ್ದರಿಂದಲೇ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿ ಹೋದಾಗ ನಮ್ಮ ಊರಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಕನ್ನಯ್ಯ ನಾಯ್ಡು ಎಂಬ ನಿವೃತ್ತ ತಜ್ಞರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ತಡೆ ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಆ ರಾತ್ರಿಗಳನ್ನು ನಾವು ಅದೇ ತಿಂಗಳು ಬರೆದಿಟ್ಟೆವು. ಐವತ್ತು ವರ್ಷದ ಮೇಲೆ ಯಾರೂ ನಾಲ್ಕು ಮನೆಗೆ ಹೋಗಿ ನಾಲ್ಕು ಉತ್ತರ ತರಬೇಕಾಗಿಲ್ಲ.

ಕೊನೆಯದಾಗಿ ಮೂರು ಬಿನ್ನಹ. ಒಂದು, ಪುಸ್ತಕದ ಒಂದು ಪ್ರತಿ ಶಾಲೆಯಲ್ಲಿ, ಒಂದು ಪಂಚಾಯ್ತಿ ಗ್ರಂಥಾಲಯದಲ್ಲಿ, ಒಂದು ಡೇರಿಯಲ್ಲಿ ಇರಲಿ, ಬೀಗ ಹಾಕಿದ ಬೀರುವಿನಲ್ಲಿ ಬ್ಯಾಡ. ಗೆದ್ದಲಿನ ಪಾಠ ಒಂದು ಸಲ ಸಾಕು. ಎರಡು, ಪ್ರತಿ ವರ್ಷ ಸಂಘದ ಸರ್ವ ಸದಸ್ಯರ ಸಭೆಯಲ್ಲಿ ಲೆಕ್ಕಪತ್ರ ಓದಿದ ಮೇಲೆ ಆ ವರ್ಷದ ಊರಿನ ಸಂಗತಿಯನ್ನೂ ಓದಿ, ಸದಸ್ಯರ ತಿದ್ದುಪಡಿ ಪಡೆದು, ಪುಸ್ತಕಕ್ಕೆ ಸೇರಿಸುವಂತಾಗಲಿ. ಮೂರು, ಇವತ್ತು ರಾತ್ರಿ ಮನೆಗೆ ಹೋದ ಮೇಲೆ, ನಿಮ್ಮ ಮನೆಯ ಹಿರಿಯರ ಬಳಿ ಅರ್ಧ ಗಂಟೆ ಕೂತು ಒಂದು ಪ್ರಶ್ನೆ ಕೇಳಿರಿ. ಏನು ಕೇಳಬೇಕೆಂದು ತಿಳಿಯದಿದ್ದರೆ ‘ನೀನು ಹುಟ್ಟಿದಾಗ ಈ ಮನೆ ಹೆಂಗಿತ್ತು?’ ಎಂದು ಕೇಳಿದರೂ ಸಾಕು. ಉಳಿದದ್ದು ಅವರೇ ಹೇಳುತ್ತಾರೆ.

ಅಂದಹಾಗೆ, ಮೊದಲ ಹಾಲು ಹಾಕಿದವರು ಯಾರೆಂಬುದು ಇನ್ನೂ ತೀರ್ಮಾನವಾಗಿಲ್ಲ. ಆದ್ದರಿಂದ ನಾಲ್ವರು ಅವ್ವಂದಿರ ಹೆಸರನ್ನೂ ಒಂದೇ ಸಾಲಿನಲ್ಲಿ ಬರೆದಿದ್ದೇವೆ. ಅವರು ನಿಂತದ್ದೂ ಒಂದೇ ಸಾಲಿನಲ್ಲಿ ತಾನೆ?

 ಜೈ ಸಹಕಾರ, ಜೈ ಕರ್ನಾಟಕ.